ಎಷ್ಟು ಜನ ಎನ್ನುವ ಮೊದಲು ಯಾರು ಎಂದು ಕೇಳಿ: ಗುಣಾತ್ಮಕ ಸಂಶೋಧನೆಯಲ್ಲಿ ಮಾದರಿ ಆಯ್ಕೆ ಮತ್ತು ಮಾಹಿತಿ ಸಂಗ್ರಹದ ಸಮಗ್ರ ಮಾರ್ಗದರ್ಶಿ

ಸಮಾಜಶಾಸ್ತ್ರ ಅಥವಾ ಸಮಾಜಕಾರ್ಯ ವಿಭಾಗದ ಯಾವುದೇ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಮಂಡನೆಗೆ ಹೋಗಿ ಕುಳಿತರೂ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸ್ಯಾಂಪಲ್ ಸೈಜ್ ಎಷ್ಟು?" ಅಂದರೆ, ಅಧ್ಯಯನಕ್ಕೆ ಆರಿಸುವ ಜನರ ಮಾದರಿ ಎಷ್ಟು ದೊಡ್ಡದು? ಸಮೀಕ್ಷೆ ಮಾಡುವವರಿಗೆ ಅದು ಸರಿಯಾದ ಪ್ರಶ್ನೆ. ಆದರೆ ಜನರ ಅನುಭವ, ಸಂಬಂಧ, ತೀರ್ಮಾನಗಳನ್ನು ಅರಿಯಲು ಹೊರಟ, ಅಂದರೆ ಗುಣಾತ್ಮಕ ಸಂಶೋಧನೆ ಮಾಡುವ ವಿದ್ಯಾರ್ಥಿಯನ್ನೂ ಇದೇ ಪ್ರಶ್ನೆ ಹೆದರಿಸುತ್ತದೆ. ಇಪ್ಪತ್ತು ಎಂದರೆ ಕಡಿಮೆಯಾಯಿತು ಅಂತಾರೇನೋ ಎಂದು ಅಳುಕಿ 'ಯಾದೃಚ್ಛಿಕವಾಗಿ ಆರಿಸಿದ 200 ಮಂದಿಯ ಸಂದರ್ಶನ' ಎಂದು ಬರೆದುಬಿಡುತ್ತಾರೆ. ಆಮೇಲೆ ತಲೆಗೆ ಹತ್ತು ನಿಮಿಷದಂತೆ ಪ್ರಶ್ನಾವಳಿ ತುಂಬಿಸಿಕೊಂಡು ಬರುತ್ತಾರೆ. ಸಂಖ್ಯಾಶಾಸ್ತ್ರದ ಬಲವೂ ಅದಕ್ಕಿರುವುದಿಲ್ಲ, ಗುಣಾತ್ಮಕ ಅಧ್ಯಯನದ ಆಳವೂ ಇರುವುದಿಲ್ಲ.

ಇಂಥ ಅಧ್ಯಯನದಲ್ಲಿ ಎಷ್ಟು ಜನ ಎಂಬುದು ಕೊನೆಗೆ ತೀರ್ಮಾನವಾಗುವ ವಿಷಯ. ಯಾರನ್ನು ಮಾತಾಡಿಸುತ್ತೀರಿ, ಅವರನ್ನೇ ಯಾಕೆ, ನಿಮ್ಮ ಪಟ್ಟಿಯಿಂದ ಯಾರು ಹೊರಗೆ ಉಳಿದಿದ್ದಾರೆ? ಮೊದಲು ಉತ್ತರ ಬೇಕಾಗಿರುವುದು ಇವಕ್ಕೆ. ಇನ್ನೂ ಒಂದು ಮಾತು: ಮಾದರಿ ಆಯ್ಕೆ ಮುಗಿಸಿ ಆಮೇಲೆ ಮಾಹಿತಿ ಸಂಗ್ರಹಕ್ಕೆ ಇಳಿಯುವ ಕ್ರಮ ಇಲ್ಲಿ ನಡೆಯುವುದಿಲ್ಲ. ಮೊದಲ ನಾಲ್ಕು ಜನ ಹೇಳಿದ್ದು ಐದನೆಯವರು ಯಾರಾಗಬೇಕು ಎಂಬುದನ್ನು ತಿಳಿಸಬೇಕು. ಎರಡೂ ಜೊತೆಜೊತೆಗೆ ಸಾಗುವ ಕೆಲಸ.

ಬರೀ ತತ್ವ ಹೇಳಿದರೆ ಕೈಗೆ ಹತ್ತುವುದಿಲ್ಲ. ಹಾಗಾಗಿ ಎಲ್ಲ ಹಂತಗಳಿಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಕರ್ನಾಟಕದ ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದ ಗಡಿಯೊಳಗೆ, ಇಲ್ಲಿನ ಮಹಿಳೆಯರಿಗೆ ಪ್ರಯಾಣ ಉಚಿತ. ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್‌ನಿಂದ ಎಷ್ಟು ಪ್ರಯಾಣಗಳು ನಡೆದವು ಎಂಬ ಲೆಕ್ಕ ನಿಗಮಕ್ಕೆ ಸಿಗುತ್ತದೆ. ಆದರೆ ಆ ಹೆಣ್ಣುಮಗಳು ಹೊರಡುವ ಮೊದಲು ಮನೆಯಲ್ಲಿ ಯಾರನ್ನು ಕೇಳಿದಳು, ಉಳಿದ ದುಡ್ಡು ಯಾರ ಕೈ ಸೇರಿತು, ಬಸ್ಸಿನಲ್ಲಿ ಅವಳನ್ನು ಹೇಗೆ ನಡೆಸಿಕೊಂಡರು ಎಂಬುದು ಟಿಕೆಟ್ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಗುಣಾತ್ಮಕ ಸಂಶೋಧನೆಗೆ ಅಲ್ಲಿ ಕೆಲಸವಿದೆ.

ಹಂತ 1: ವಿಷಯವನ್ನು ಪ್ರಶ್ನೆಯಾಗಿಸಿ

'ಶಕ್ತಿ ಯೋಜನೆಯ ಪರಿಣಾಮಗಳು: ಒಂದು ಸಮಾಜಶಾಸ್ತ್ರೀಯ ಅಧ್ಯಯನ' ಎಂಬುದು ಶೀರ್ಷಿಕೆ ಅಷ್ಟೇ. ಅದನ್ನು ಹಿಡಿದು ಹೋದರೆ ಯಾರನ್ನು ಮಾತಾಡಿಸಬೇಕು ಎಂಬುದೇ ತಿಳಿಯದು. 'ಬಸ್ ಚಾರ್ಜಿಗೆ ಮನೆಯವರ ಹತ್ತಿರ ದುಡ್ಡು ಕೇಳಬೇಕಾದ ಪ್ರಸಂಗ ಇಲ್ಲವಾದಾಗ, ಹೆಂಗಸರು ಹೊರಗೆ ಹೋಗುವ ತೀರ್ಮಾನ ಮನೆಯೊಳಗೆ ಹೇಗೆ ನಡೆಯುತ್ತದೆ?' ಇದು ಪ್ರಶ್ನೆ. ಇದರಲ್ಲೇ ಮಾದರಿಯ ಸುಳಿವಿದೆ: ಮೊದಲು ದುಡ್ಡು ಕೇಳಬೇಕಾಗಿದ್ದವರು ಬೇಕು, ಸ್ವಂತ ಸಂಪಾದನೆ ಇದ್ದು ಕೇಳಬೇಕಿಲ್ಲದವರೂ ಬೇಕು, ದುಡ್ಡು ಕೊಡುತ್ತಿದ್ದ ಗಂಡಂದಿರು ಮತ್ತು ಅತ್ತೆಯರೂ ಬೇಕು.

ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಅದರ ಉತ್ತರವನ್ನು ಶೇಕಡಾವಾರು ಹೇಳಬಹುದು ಅನಿಸಿದರೆ ನಿಮಗೆ ಬೇಕಿರುವುದು ಸಮೀಕ್ಷೆ. ಅದನ್ನೇ ಚೆನ್ನಾಗಿ ಮಾಡಿ. ಉತ್ತರದಲ್ಲಿ 'ಹೇಗೆಂದರೆ', 'ಯಾಕೆಂದರೆ' ಎಂಬ ಮಾತು ಬರಲೇಬೇಕು ಎನಿಸಿದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಜಾಗವನ್ನು ಕಾರಣವಿಟ್ಟು ಆರಿಸಿ

ಮಾದರಿ ಎಂದರೆ ವ್ಯಕ್ತಿಗಳು ಎಂದಷ್ಟೇ ನಾವು ಯೋಚಿಸುತ್ತೇವೆ. ಊರೂ ಮಾದರಿಯೇ, ಹೊತ್ತೂ ಮಾದರಿಯೇ. 'ನನ್ನ ಊರಿಗೆ ಹತ್ತಿರ' ಎಂಬ ಕಾರಣಕ್ಕೆ ತಾಲ್ಲೂಕು ಆರಿಸುವುದು ಅನುಕೂಲದ ಮಾದರಿ. ಬಡ ಸಂಶೋಧಕರಿಗೆ ಅದು ಅನಿವಾರ್ಯವಾಗುವುದುಂಟು. ಆದರೆ ಅದನ್ನು 'ಉದ್ದೇಶಪೂರ್ವಕ ಮಾದರಿ' ಎಂದು ಹೆಸರು ಬದಲಿಸಿ ಬರೆಯಬಾರದು.

ಉದ್ದೇಶಪೂರ್ವಕ ಆಯ್ಕೆ ಎಂದರೇನು ಎಂಬುದಕ್ಕೆ ನಮ್ಮ ಮಂಡ್ಯ ಸೀಮೆಯಲ್ಲೇ ಒಂದು ಒಳ್ಳೆಯ ನಿದರ್ಶನ ಇದೆ. 1950ರ ದಶಕದ ಮಧ್ಯದಲ್ಲಿ ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ಅರ್ಥ-ಮಾನವಶಾಸ್ತ್ರಜ್ಞೆ ಅಲ್ಲಿ ಎರಡು ಹಳ್ಳಿಗಳನ್ನು ಆರಿಸಿಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದರ ಹೊಲಗಳು ಒಣಗಿಯೇ ಇದ್ದವು. ಉಳಿದಂತೆ ಎರಡೂ ಒಂದೇ ಸೀಮೆಯ, ಒಂದೇ ಭಾಷೆಯ ಊರುಗಳು. ತಮ್ಮ ಬರಹದಲ್ಲಿ ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ಹೆಸರು ಕೊಟ್ಟರು. ನೀರು ಬಂದ ಊರು ಬದಲಾಗಿರುತ್ತದೆ ಎಂದು ಯಾರಾದರೂ ಊಹಿಸಬಹುದು. ಎಪ್ಸ್ಟೈನ್ ಕಂಡದ್ದು ಬೇರೆ: ನೀರು ಬಂದ ಊರು ಕಬ್ಬು ಬೆಳೆದು ಸಿರಿವಂತವಾದರೂ ಒಳಗಿನ ಹಳೆಯ ಸಂಬಂಧಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು, ನೀರು ಬಾರದ ಊರಿನವರು ಕೆಲಸ, ವ್ಯಾಪಾರ ಹುಡುಕಿ ಹೊರಗೆ ಹೋದರು, ಅಲ್ಲಿನ ಸಾಮಾಜಿಕ ಕಟ್ಟುಪಾಡುಗಳೇ ಹೆಚ್ಚು ಸಡಿಲವಾದವು. ಒಂದೇ ಊರನ್ನು ನೋಡಿದ್ದರೆ ಈ ಮಾತು ಹೊಳೆಯುವ ಸಾಧ್ಯತೆಯೇ ಇರಲಿಲ್ಲ. ಬರೀ ಎರಡು ಊರು. ಆದರೆ ಕಾರಣವಿಟ್ಟು ಆರಿಸಿದ ಎರಡು ಊರು.

ಶಕ್ತಿ ಯೋಜನೆಗೂ ಹೀಗೇ ಯೋಚಿಸಿ. ದಕ್ಷಿಣ ಕನ್ನಡ, ಉಡುಪಿಗಳ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸುಗಳದೇ ಓಡಾಟ. ಸರ್ಕಾರಿ ಬಸ್ಸು ಇಲ್ಲದ ಕಡೆ ಉಚಿತ ಪ್ರಯಾಣ ಎಂಬ ಮಾತೇ ಹುಟ್ಟುವುದಿಲ್ಲ. ಕಲಬುರಗಿ ಕಡೆ ಸರ್ಕಾರಿ ಬಸ್ಸೇ ಆಸರೆಯಾದ ಹಳ್ಳಿಗಳು ಬಹಳ. ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ದಿನವೂ ಎರಡು ಹೊತ್ತು ಬಸ್ಸು ಬೇಕು. ಈ ಮೂರರಲ್ಲಿ ಎರಡನ್ನು ಎದುರುಬದುರು ಇಟ್ಟರೂ ಅಧ್ಯಯನಕ್ಕೆ ಬೆನ್ನುಮೂಳೆ ಬರುತ್ತದೆ. ಒಂದೇ ಜಾಗಕ್ಕೆ ಹೋಗಲು ಸಾಧ್ಯವಿದ್ದರೆ ಅದರೊಳಗೇ ಹೋಲಿಕೆ ಹುಡುಕಿ: ದಿನಕ್ಕೆ ಹತ್ತಾರು ಬಸ್ಸು ನಿಲ್ಲುವ ಹೆದ್ದಾರಿ ಪಕ್ಕದ ಊರು, ಬೆಳಿಗ್ಗೆ ಒಂದು ಸಂಜೆ ಒಂದು ಬಸ್ಸು ಬರುವ ಒಳನಾಡಿನ ಊರು.

ಹಂತ 3: ಜನರನ್ನು ಆರಿಸುವುದು

ಈ ಹಂತಕ್ಕೆ ನಿಮ್ಮ ಸಮಯದ ದೊಡ್ಡ ಪಾಲು ಕೊಡಿ. ಎಲ್ಲರೂ ಮೊದಲು ಹೋಗುವುದು ಬಸ್ ಸ್ಟ್ಯಾಂಡಿಗೆ. ಅಲ್ಲಿ ಹೆಂಗಸರು ಸಿಗುತ್ತಾರೆ, ಬಸ್ಸಿಗೆ ಕಾಯುವಾಗ ಮಾತಾಡಲು ಪುರುಸೊತ್ತೂ ಇರುತ್ತದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಸಿಗುವವರು ಆಗಲೇ ಮನೆಯಿಂದ ಹೊರಬಿದ್ದವರು. ಉಚಿತವಾದರೂ ಹೊರಡದವರು, ಹೊರಡಲು ಬಿಡದ ಮನೆಯವರು, ಬಸ್ಸು ಹತ್ತಲಾಗದ ಅಂಗವಿಕಲರು, ಬಸ್ಸೇ ಬಾರದ ತಾಂಡಾದವರು ಅಲ್ಲಿ ಇರುವುದಿಲ್ಲ. ತೀರ್ಮಾನ ಮನೆಯೊಳಗೆ ಹೇಗಾಗುತ್ತದೆ ಎಂಬ ನಮ್ಮ ಪ್ರಶ್ನೆಗೆ ಅವರ ಉತ್ತರವೇ ಅತಿ ಮುಖ್ಯವಾಗಬಹುದು. ಯಾವುದೇ ವಿಷಯವಾಗಲಿ, ಜನ ಸುಲಭವಾಗಿ ಸಿಗುವ ಜಾಗವನ್ನು ಗುರುತಿಸಿದ ಕೂಡಲೇ, ಇಲ್ಲಿಗೆ ಯಾರು ಬರುವುದಿಲ್ಲ ಎಂದು ಒಂದು ಪಟ್ಟಿ ಮಾಡಿ. ಆಸ್ಪತ್ರೆಯಲ್ಲಿ ರೋಗಿಗಳನ್ನು ಮಾತಾಡಿಸುವವರು ಆಸ್ಪತ್ರೆಗೆ ಬಾರದವರನ್ನು, ಶಾಲೆಯಲ್ಲಿ ಪಾಲಕರ ಸಭೆಗೆ ಹೋಗುವವರು ಸಭೆಗೆ ಬಾರದ ಪಾಲಕರನ್ನು ಹೀಗೆಯೇ ನೆನೆಯಬೇಕು.

ಎರಡನೆಯ ಕೆಲಸ, ಅನುಭವವನ್ನು ಬದಲಿಸಬಲ್ಲ ಅಂಶಗಳನ್ನು ಬರೆದುಕೊಳ್ಳುವುದು. ವಯಸ್ಸು, ಜಾತಿ, ಶಿಕ್ಷಣ ಎಂದು ಅಭ್ಯಾಸಬಲದಿಂದ ಬರೆಯಬೇಡಿ; ನಿಮ್ಮ ಪ್ರಶ್ನೆಗೆ ಯಾವುದು ತಾಗುತ್ತದೆ ನೋಡಿ. ನಮ್ಮ ಉದಾಹರಣೆಗೆ ನಾನಾದರೆ ಮೂರನ್ನು ಮುಂದಿಡುತ್ತೇನೆ: ಸ್ವಂತ ಸಂಪಾದನೆ ಇದೆಯೇ ಇಲ್ಲವೇ, ಮನೆಯಲ್ಲಿ ಅನುಮತಿ ಕೊಡಬಲ್ಲ ಹಿರಿಯರು ಇದ್ದಾರೆಯೇ, ಊರಿಗೆ ಬರುವ ಬಸ್ಸು ಹೆಚ್ಚೋ ಕಡಿಮೆಯೋ. ಇವು ಮೂರನ್ನು ಅಡ್ಡ-ಉದ್ದ ಗೆರೆ ಎಳೆದು ಒಂದು ಕೋಷ್ಟಕ ಮಾಡಿದರೆ ಎಂಟು ಚೌಕಗಳಾಗುತ್ತವೆ. ಚೌಕಕ್ಕೆ ಇಬ್ಬರಂತೆ ಹದಿನಾರು ಜನ. ಅತ್ತೆ, ಗಂಡ, ಕಂಡಕ್ಟರ್, ಆಟೊ ಚಾಲಕ ಹೀಗೆ ಸುತ್ತಲಿನ ಆರೇಳು ಮಂದಿ. ಯೋಜನೆಯ ವಿರುದ್ಧ 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಮಾಡಿದ್ದರು. ಹಾಗಾಗಿ ಆಟೊದವರ ಮಾತನ್ನು ಬಿಟ್ಟರೆ ಚಿತ್ರ ಪೂರ್ತಿಯಾಗದು. ಇದೀಗ ನಿಮ್ಮ ಬಳಿ ಇಪ್ಪತ್ತೆರಡರ ಆಸುಪಾಸಿನ ಸಂಖ್ಯೆ ಇದೆ, ಅದರ ಹಿಂದೆ ಒಂದು ತರ್ಕವೂ ಇದೆ. ಸಿನಾಪ್ಸಿಸ್ ಮಂಡನೆಯಲ್ಲಿ ಹೇಳಬೇಕಾದ್ದು ಈ ತರ್ಕವನ್ನು. ಹೀಗೆ ಬೇರೆ ಬೇರೆ ಸ್ಥಿತಿಯವರನ್ನು ಬೇಕೆಂದೇ ಸೇರಿಸುವುದಕ್ಕೆ ಗರಿಷ್ಠ ವೈವಿಧ್ಯದ ಮಾದರಿ ಎನ್ನುತ್ತಾರೆ.

ಎಲ್ಲ ಅಧ್ಯಯನಕ್ಕೂ ವೈವಿಧ್ಯವೇ ಬೇಕೆಂದಿಲ್ಲ. ಒಂದು ಗುಂಪಿನ ಬದುಕನ್ನೇ ಒಳಹೊಕ್ಕು ನೋಡಬೇಕಿದ್ದರೆ, ಉದಾಹರಣೆಗೆ ಬೆಂಗಳೂರಿನ ಪೀಣ್ಯದ ಒಂದೇ ಬಗೆಯ ಕಾರ್ಖಾನೆಗಳ ಟೈಲರ್‌ಗಳನ್ನು, ಏಕರೂಪದ ಮಾದರಿ ಸಾಕು. ಸಾಮಾನ್ಯ ಜಾಡಿಗೆ ಒಗ್ಗದ ಒಬ್ಬರನ್ನು ಹುಡುಕಿ ಹೋಗುವ ವ್ಯತಿರಿಕ್ತ ಪ್ರಕರಣದ ಆಯ್ಕೆಯೂ ಉಂಟು. ಪಠ್ಯಗಳಲ್ಲಿ ಇಂಥ ಹೆಸರುಗಳು ಹದಿನೈದಕ್ಕೂ ಮೇಲೆ ಸಿಗುತ್ತವೆ. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ 'ಇವರನ್ನು ಇಂಥ ಕಾರಣಕ್ಕೆ' ಎಂದು ಒಂದು ಸಾಲು ಬರೆಯುವ ಅಭ್ಯಾಸ ಮುಖ್ಯ.

ಹಂತ 4: ಊರೊಳಗೆ ಹೋಗುವ ದಾರಿ

ಹಳ್ಳಿಗೆ ಹೋದಾಗ ಮೊದಲು ಎದುರಾಗುವವರು ಪಂಚಾಯ್ತಿ ಸದಸ್ಯರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಅವರ ನೆರವಿಲ್ಲದೆ ಆಗದು, ಅವರ ಮೂಲಕವೇ ಹೋದರೆ ಅವರಿಗೆ ಬೇಕಾದವರೇ ಸಿಗುತ್ತಾರೆ. ಸಂಘದ ಮೂಲಕ ಹೋದರೆ ಸಂಘಕ್ಕೆ ಬರುವ, ಬ್ಯಾಂಕಿಗೆ ಓಡಾಡಿದ, ಮಾತು ಬಲ್ಲ ಹೆಂಗಸರು ಸಿಗುತ್ತಾರೆ. ಸಂಘಕ್ಕೂ ಸೇರಲಾಗದ ಬಡವಿ ಹಾಗೇ ಉಳಿದುಬಿಡುತ್ತಾಳೆ.

ಎಂ.ಎನ್. ಶ್ರೀನಿವಾಸರಂಥ ಸಮಾಜಶಾಸ್ತ್ರಜ್ಞರೂ ಇದನ್ನು ಎದುರಿಸಿದವರೇ. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯಲ್ಲಿ ಅವರು ಉಳಿದುಕೊಂಡದ್ದು ಊರ ಯಜಮಾನರಿಗೆ ಸೇರಿದ ಮನೆಯಲ್ಲಿ. ಅಲ್ಲಿಂದ ಮೇಲ್ಜಾತಿಯ ಭೂಮಾಲೀಕರ ಊರು ಕಂಡಷ್ಟು ಸ್ಪಷ್ಟವಾಗಿ ದಲಿತರ ಊರು ಕಾಣಲಿಲ್ಲ ಎಂಬ ಮಿತಿಯನ್ನು ಅವರು ಮುಂದೆ ಬರೆಯುವಾಗ ಒಪ್ಪಿಕೊಂಡರು. ಎಲ್ಲಿ ಉಳಿಯುತ್ತೀರಿ, ಯಾರ ಜೊತೆ ಮೊದಲು ಊರೊಳಗೆ ನಡೆಯುತ್ತೀರಿ ಎಂಬುದು ನಿಮ್ಮ ಮಾದರಿಯನ್ನು ನಿಮಗಿಂತ ಮೊದಲೇ ತೀರ್ಮಾನಿಸುತ್ತದೆ. ಮೊದಲ ದಿನವೇ ಯಾವುದಾದರೂ ಒಂದು ಕೇರಿಯಲ್ಲಿ ಊಟ ಮಾಡಿ ಕುಳಿತರೆ ಇನ್ನೊಂದು ಕೇರಿಯ ಬಾಗಿಲು ಮುಚ್ಚಬಹುದು.

ಒಬ್ಬರು ಇನ್ನೊಬ್ಬರನ್ನು ತೋರಿಸಿಕೊಡುವ ಸ್ನೋಬಾಲ್ ವಿಧಾನಕ್ಕೂ ಇದೇ ಎಚ್ಚರ ಬೇಕು. ಪಟ್ಟಿಯೇ ಇಲ್ಲದ ಜನರನ್ನು, ಅಂದರೆ ಮನೆಗೆಲಸದವರು, ಬೀದಿ ವ್ಯಾಪಾರಿಗಳು, ಗುರುತು ಹೇಳಿಕೊಳ್ಳಲು ಹಿಂಜರಿಯುವವರನ್ನು ತಲುಪಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ನಮ್ಮಲ್ಲಿ ಪರಿಚಯದ ಸರಪಳಿ ಸಾಮಾನ್ಯವಾಗಿ ಕೇರಿ ದಾಟುವುದಿಲ್ಲ. ಅಕ್ಕ ತನ್ನ ಓರಗಿತ್ತಿಯನ್ನು ತೋರಿಸುತ್ತಾಳೆ, ಓರಗಿತ್ತಿ ಪಕ್ಕದ ಮನೆಯವಳನ್ನು. ಹತ್ತು ಸಂದರ್ಶನ ಮುಗಿದಾಗ ಒಂದೇ ಬೀದಿಯ ಒಂದೇ ಜಾತಿಯ ಹತ್ತು ಮನೆ! ಇದಕ್ಕೆ ಮೂರು ಉಪಾಯ: ಸರಪಳಿಯನ್ನು ಬೇರೆ ಬೇರೆ ಕಡೆಯ ನಾಲ್ಕೈದು ಜನರಿಂದ ಶುರು ಮಾಡಿ, ಒಂದು ಸರಪಳಿಯಿಂದ ಮೂರಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಬೇಡಿ, ಯಾರು ಯಾರನ್ನು ತೋರಿಸಿದರು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಗುರುತು ಹಾಕಿಕೊಳ್ಳಿ. 'ನಿಮ್ಮಂಥವರು ಇನ್ನೊಬ್ಬರು ಯಾರಿದ್ದಾರೆ?' ಎಂದು ಕೇಳುವ ಬದಲು 'ಈ ವಿಷಯದಲ್ಲಿ ನಿಮಗಿಂತ ಬೇರೆ ಥರ ಇರೋರು ಯಾರಾದ್ರೂ ಗೊತ್ತಾ?' ಎಂದು ಕೇಳಿ. ಸರಪಳಿ ಕವಲೊಡೆಯುತ್ತದೆ.

ಹಂತ 5: ಒಪ್ಪಿಗೆ

ಸಮ್ಮತಿ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದು ತಿಳಿಯಬೇಡಿ. ಸರ್ಕಾರದ ಯೋಜನೆಯ ಬಗ್ಗೆ ಕೇಳುತ್ತಾ ಕಾಗದ ಚಾಚಿದರೆ ಜನ ನಿಮ್ಮನ್ನು ಸರ್ಕಾರದವರೆಂದೇ ಭಾವಿಸುತ್ತಾರೆ. ಯೋಜನೆ ನಿಂತುಹೋಗುತ್ತದೇನೋ, ಗೃಹಲಕ್ಷ್ಮಿಯ ದುಡ್ಡಿಗೆ ತೊಂದರೆಯಾಗುತ್ತದೇನೋ ಎಂಬ ದಿಗಿಲು ಒಳಗೇ ಇರುತ್ತದೆ. ಆ ದಿಗಿಲಿನಲ್ಲಿ ಬರುವ ಉತ್ತರ ಒಂದೇ: "ಎಲ್ಲ ಚೆನ್ನಾಗಿದೆ." ನೀವು ಯಾವ ಕಾಲೇಜಿನವರು, ಇದರಿಂದ ಅವರ ಯಾವ ಸೌಲಭ್ಯವೂ ಬರುವುದಿಲ್ಲ ಹೋಗುವುದಿಲ್ಲ, ಯಾವ ಪ್ರಶ್ನೆಗಾದರೂ ಬೇಡ ಅನ್ನಬಹುದು, ಮಧ್ಯೆ ಎದ್ದು ಹೋಗಬಹುದು, ಧ್ವನಿ ಯಾರ ಬಳಿ ಇರುತ್ತದೆ ಎಂಬುದನ್ನು ಅವರ ಆಡುಮಾತಿನಲ್ಲಿ ಹೇಳಿ. ಓದು ಬಾರದವರಿಗೆ ಓದಿ ಹೇಳಿ, ಅವರು ನಂಬುವ ಸಾಕ್ಷಿಯ ಎದುರು ಒಪ್ಪಿಗೆ ದಾಖಲಿಸಿ. ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯನ್ನು ಕ್ಷೇತ್ರಕ್ಕೆ ಇಳಿಯುವ ಮೊದಲೇ ಪಡೆಯಿರಿ; ಆರೋಗ್ಯದ ವಿಷಯವಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಓದಿಕೊಳ್ಳಿ.

ಹೆಸರು ಬದಲಿಸಿದರೆ ಗುರುತು ಮರೆಯಾಯಿತು ಎಂದುಕೊಳ್ಳಬೇಡಿ. 'ಊರಿನ ಒಬ್ಬಳೇ ಅಂಗನವಾಡಿ ಟೀಚರ್, ಗಂಡ ತೀರಿಕೊಂಡು ಎರಡು ವರ್ಷ' ಎಂದು ಬರೆದರೆ ಊರವರೆಲ್ಲರಿಗೂ ಯಾರೆಂದು ಗೊತ್ತಾಗುತ್ತದೆ. ಊರಿನ ಹೆಸರನ್ನೂ ಬದಲಿಸಿ; ಗುರುತು ಬಿಟ್ಟುಕೊಡುವ ವಿವರಗಳಲ್ಲಿ ವಾದಕ್ಕೆ ಬೇಕಿಲ್ಲದ್ದನ್ನು ಕೈಬಿಡಿ.

ಹಂತ 6: ಸಂದರ್ಶನ

ಪ್ರಶ್ನಾವಳಿ ಬೇಡ, ಪ್ರಶ್ನೆಗಳ ಜಾಡು ಬೇಕು. ಆರೇಳು ಮುಖ್ಯ ಪ್ರಶ್ನೆ, ಪ್ರತಿಯೊಂದರ ಕೆಳಗೆ ಕೆದಕಿ ಕೇಳಬೇಕಾದ ಎರಡು ಮೂರು ಅಂಶ. ಒಂದು ಪುಟ ಮೀರಿದರೆ ಕತ್ತರಿಸಿ.

"ಉಚಿತ ಬಸ್ಸಿನಿಂದ ನಿಮಗೆ ಅನುಕೂಲ ಆಗಿದೆಯಾ?" ಎಂದು ಕೇಳಿದರೆ "ಹೂಂ, ಆಗಿದೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ನಿಮ್ಮ ಸಬಲೀಕರಣ ಆಗಿದೆ ಅನಿಸುತ್ತಾ?" ಎಂಬುದು ಇನ್ನೂ ಕೆಟ್ಟದ್ದು, ನಿಮ್ಮ ಪ್ರಬಂಧದ ಭಾಷೆಯನ್ನು ಅವರ ಬಾಯಲ್ಲಿ ಇಡುವ ಪ್ರಯತ್ನ ಅದು. ನಡೆದದ್ದನ್ನು ಕೇಳಿ: "ಅಕ್ಕಾ, ಹೋದ ಸಲ ಬಸ್ಸಲ್ಲಿ ಎಲ್ಲಿಗೆ ಹೋಗಿದ್ರಿ? ಹೋಗ್ಬೇಕು ಅಂತ ಅನ್ಕೊಂಡಾಗಿನಿಂದ ವಾಪಸ್ ಮನೆ ಸೇರೋವರೆಗೂ ಏನೇನಾಯ್ತು, ಹೇಳ್ತಾ ಹೋಗಿ." ಈ ಒಂದು ಪ್ರಶ್ನೆಗೆ ಅರ್ಧ ಗಂಟೆಯ ಉತ್ತರ ಬರಬಹುದು. ಯಾರಿಗೆ ಹೇಳಿ ಹೊರಟರು, ಅಡುಗೆ ಯಾರು ನೋಡಿಕೊಂಡರು, ಬಸ್ಸು ನಿಲ್ಲಿಸಿದರೋ ಇಲ್ಲವೋ, ಕಂಡಕ್ಟರ್ ಏನಂದ, ತಡವಾಗಿ ಬಂದದ್ದಕ್ಕೆ ಮನೆಯಲ್ಲಿ ಏನಾಯಿತು, ಎಲ್ಲವೂ ಅದರೊಳಗೆ ಇರುತ್ತದೆ. ಕೆದಕಲು ದೊಡ್ಡ ಪ್ರಶ್ನೆ ಬೇಕಿಲ್ಲ: "ಆಮೇಲೆ?", "ಅಂದ್ರೆ ಹೇಗೆ?", "ಮೊದಲು ಹೀಗೇ ಇತ್ತಾ?" ಇಷ್ಟು ಸಾಕು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆಗೆ ಹಾರುವ ಅವಸರವೇ ಒಳ್ಳೆಯ ಮಾತುಗಳನ್ನು ತಡೆಯುತ್ತದೆ.

ಜಾಗ ಮತ್ತು ಹೊತ್ತು ನಿಮ್ಮ ಅನುಕೂಲಕ್ಕಲ್ಲ, ಅವರ ಅನುಕೂಲಕ್ಕೆ. ಕಳೆ ತೆಗೆಯುವ ಸಮಯದಲ್ಲಿ ಹೊಲದವರನ್ನು ಮಧ್ಯಾಹ್ನ ಕೂರಿಸಿಕೊಳ್ಳಬಾರದು, ಕೂಲಿ ಹೋಗುತ್ತದೆ. ಮನೆಯಲ್ಲಿ ಅತ್ತೆ ಪಕ್ಕದಲ್ಲೇ ಕುಳಿತಿದ್ದರೆ ಸೊಸೆ ಅತ್ತೆಯ ಮುಖ ನೋಡಿ ಉತ್ತರಿಸುತ್ತಾಳೆ. ಎದ್ದುಹೋಗಿ ಎನ್ನಲಾಗದು. ಇಬ್ಬರು ಸಂಶೋಧಕರು ಹೋಗಿ ಒಬ್ಬರು ಅತ್ತೆಯ ಸಂದರ್ಶನವನ್ನು ಜಗುಲಿಯಲ್ಲಿ, ಇನ್ನೊಬ್ಬರು ಸೊಸೆಯದನ್ನು ಹಿತ್ತಿಲಲ್ಲಿ ಮಾಡಬಹುದು. ಅತ್ತೆಯ ಮಾತೂ ನಮಗೆ ಬೇಕೇ ಬೇಕು. ಒಬ್ಬರೇ ಇದ್ದರೆ ಬಟ್ಟೆ ಒಗೆಯುವ ಕಡೆ, ನೀರಿನ ಕಡೆ ಅವರೊಂದಿಗೆ ನಡೆಯುತ್ತ ಮಾತಾಡಿ. ಗಂಡಸು ಸಂಶೋಧಕರಾಗಿದ್ದರೆ ಮಹಿಳಾ ಸಹಾಯಕಿ ಇಲ್ಲದೆ ಈ ವಿಷಯಕ್ಕೆ ಕೈ ಹಾಕದಿರುವುದೇ ಮೇಲು.

ಫೋನಿನಲ್ಲಿ ರೆಕಾರ್ಡ್ ಮಾಡುವಾಗ ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ನಿಮಿಷ ಪರೀಕ್ಷಿಸಿ ನೋಡಿ. ರೆಕಾರ್ಡ್ ಬೇಡ ಅಂದರೆ ಕೈಬರಹವೇ ಸಾಕು. ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಸಾಮಾನ್ಯ ಅವಧಿ. ಕೊನೆಯಲ್ಲಿ ತಪ್ಪದೆ ಕೇಳಿ: "ನಾನು ಕೇಳಬೇಕಾಗಿತ್ತು, ಕೇಳಲಿಲ್ಲ ಅನ್ನೋದು ಏನಾದ್ರೂ ಇದೆಯಾ?" ರೆಕಾರ್ಡರ್ ನಿಲ್ಲಿಸಿ ಚಹಾ ಕುಡಿಯುವಾಗ ಹಲವರು ನಿಜ ಬಿಚ್ಚಿಡುತ್ತಾರೆ. ಅದನ್ನು ಬಳಸಬೇಕಾದರೆ ಅಲ್ಲೇ ಒಪ್ಪಿಗೆ ಕೇಳಿ. ಬೇಡ ಅಂದರೆ ಬೇಡ.

ಹಂತ 7: ಗುಂಪು ಚರ್ಚೆ, ಅವಲೋಕನ, ದಾಖಲೆ

ಹತ್ತು ಜನರನ್ನು ಒಟ್ಟಿಗೆ ಕೂರಿಸಿ ಹತ್ತು ಸಂದರ್ಶನದ ಕೆಲಸ ಒಂದೇ ಗಂಟೆಯಲ್ಲಿ ಮುಗಿಸಬಹುದು ಎಂಬ ಆಸೆಗೆ ಗುಂಪು ಚರ್ಚೆ ಮಾಡಬೇಡಿ. ಗುಂಪಿನಲ್ಲಿ ಸಿಗುವುದು ಊರು ಯಾವುದನ್ನು ಸರಿ ಎನ್ನುತ್ತದೆ, ಯಾವುದನ್ನು ತಪ್ಪು ಎನ್ನುತ್ತದೆ ಎಂಬ ಸಾರ್ವಜನಿಕ ಮಾತು. 'ಪುಕ್ಕಟೆ ಬಸ್ಸು ಅಂತ ಸುಮ್ಮನೆ ತಿರುಗ್ತಾರೆ' ಎಂಬಂಥ ಆಡಿಕೆಯನ್ನು ಮುಂದಿಟ್ಟರೆ ಗುಂಪು ತಾನೇ ವಾದಕ್ಕೆ ಇಳಿಯುತ್ತದೆ. ಆ ವಾದವೇ ನಿಮ್ಮ ಮಾಹಿತಿ. ಮನೆಯೊಳಗಿನ ಜಗಳ ಅಲ್ಲಿ ಹೊರಬರದು, ಬರಬಾರದು ಕೂಡ. ಆರರಿಂದ ಎಂಟು ಜನ ಸಾಕು. ಅತ್ತೆ-ಸೊಸೆ, ಜಮೀನ್ದಾರರ ಮನೆಯಾಕೆ-ಕೂಲಿಯಾಕೆ ಒಂದೇ ಗುಂಪಿನಲ್ಲಿ ಬೇಡ. ಯಾರು ಮಾತಾಡಿದರು, ಯಾರು ಸುಮ್ಮನಿದ್ದರು ಎಂದು ಬರೆದುಕೊಳ್ಳಲು ಜೊತೆಗೊಬ್ಬರು ಇರಲಿ.

ಅವಲೋಕನಕ್ಕೆ ನಮ್ಮ ವಿದ್ಯಾರ್ಥಿಗಳು ಕೊಡುವ ಸಮಯ ತೀರ ಕಡಿಮೆ, ಇದು ನನಗೆ ಬೇಸರದ ವಿಷಯ. ಬಸ್ಸಿನ ಬಗ್ಗೆ ಸಂಶೋಧನೆ ಮಾಡುವವರು ಬಸ್ಸಿನಲ್ಲಿ ಓಡಾಡಬೇಕು. ಬೆಳಗಿನ ಮೊದಲ ಬಸ್ಸು, ಮಧ್ಯಾಹ್ನದ ಖಾಲಿ ಬಸ್ಸು, ಸಂತೆ ದಿನದ ಬಸ್ಸು, ಅಮಾವಾಸ್ಯೆಯ ದಿನ ದೇವಸ್ಥಾನದ ದಾರಿಯ ಬಸ್ಸು ಬೇರೆ ಬೇರೆ ಲೋಕಗಳು, ಒಂದೊಂದಕ್ಕೂ ಹೋಗಿ. ಕೈಯೆತ್ತಿದ ಹೆಂಗಸರ ಗುಂಪನ್ನು ನೋಡಿ ಚಾಲಕ ನಿಲ್ಲಿಸಿದನೇ, ಆಧಾರ್ ಕಾರ್ಡ್ ಕೇಳುವ ದನಿ ಹೇಗಿತ್ತು, ಸೀಟಿಗಾಗಿ ಯಾರು ಯಾರಿಗೆ ಏನಂದರು, ಯಾರು ಎದ್ದು ಜಾಗ ಕೊಟ್ಟರು, ಬರೆದುಕೊಳ್ಳಿ. ಬಸ್ಸಿನೊಳಗೆ ಪದಗಳನ್ನಷ್ಟೇ ಗೀಚಿ, ಅದೇ ರಾತ್ರಿ ಪೂರ್ತಿ ಬರೆಯಿರಿ. ಪುಟದ ಎಡಕ್ಕೆ ಕಂಡದ್ದು ಕೇಳಿದ್ದು, ಬಲಕ್ಕೆ ನಿಮಗೆ ಅನಿಸಿದ್ದು. 'ಕಂಡಕ್ಟರ್ ಅವಮಾನ ಮಾಡಿದ' ಎಂಬುದು ಬಲಭಾಗಕ್ಕೆ ಸೇರಿದ್ದು. ಅವನು ಆಡಿದ ಮಾತು, ಅವಳು ತಲೆ ತಿರುಗಿಸಿ ಕಿಟಕಿಯತ್ತ ನೋಡಿದ್ದು ಎಡಭಾಗಕ್ಕೆ.

ದಾಖಲೆಗಳಲ್ಲಿ ಸರ್ಕಾರಿ ಆದೇಶ, ಬಸ್ ವೇಳಾಪಟ್ಟಿ, ಪತ್ರಿಕೆಗಳ ಓದುಗರ ಪತ್ರ ಸೇರುತ್ತವೆ. ಸಂದರ್ಶನದಲ್ಲಿ 'ಬಸ್ಸು ಕಡಿಮೆಯಾಗಿದೆ' ಎಂದು ಕೇಳಿಬಂದರೆ ವೇಳಾಪಟ್ಟಿ ತೆಗೆದು ನೋಡಿ. ಎರಡೂ ಹೊಂದದಿದ್ದರೆ ಯಾರೋ ಸುಳ್ಳು ಹೇಳಿದರು ಎಂದು ತೀರ್ಪು ಕೊಡಬೇಡಿ. ಪಟ್ಟಿಯಲ್ಲಿರುವ ಬಸ್ಸು ಆ ಊರಿನಲ್ಲಿ ನಿಲ್ಲುತ್ತಿದೆಯೇ ಎಂದು ಹೋಗಿ ನೋಡಿ.

ಹಂತ 8: ಬರೆದಿಡುವುದು, ಕಾಪಾಡುವುದು

ಒಂದು ಗಂಟೆಯ ಧ್ವನಿಯನ್ನು ಅಕ್ಷರಕ್ಕಿಳಿಸಲು ನಾಲ್ಕೈದು ಗಂಟೆಯಾದರೂ ಬೇಕು. ಮೊದಲ ಕೆಲವನ್ನು ನೀವೇ ಬರೆಯಿರಿ. ಅದಕ್ಕಿಂತ ಒಳ್ಳೆಯ ಓದು ಇನ್ನೊಂದಿಲ್ಲ. ಅವರ ನುಡಿಯನ್ನು ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. ಕಲಬುರಗಿ ಕಡೆಯ ಒಬ್ಬರು "ತವರಮನಿಗಿ ಹೋಗ್ಲಾಕ ರೊಕ್ಕ ಕೇಳೋದು ತಪ್ಪೇತಿ ನೋಡ್ರಿ, ಆದ್ರ ಕೇಳೋದು ತಪ್ಪಿಲ್ಲ" ಅಂದರು ಎನ್ನಿ. ದುಡ್ಡು ಕೇಳಬೇಕಿಲ್ಲ, ಅಪ್ಪಣೆ ಕೇಳಲೇಬೇಕು ಎಂಬ ಇಡೀ ಸಂಗತಿ ಆ ಒಂದೇ ಮಾತಿನಲ್ಲಿದೆ. ಅದನ್ನು 'ಆರ್ಥಿಕ ಅವಲಂಬನೆ ಕಡಿಮೆಯಾಗಿದೆ' ಎಂದು ಟೈಪ್ ಮಾಡಿಟ್ಟರೆ ಎರಡನೆಯ ಅರ್ಧ ಮಾಯವಾಗುತ್ತದೆ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರೂ ವಿಶ್ಲೇಷಣೆಯನ್ನು ಕನ್ನಡ ಪಠ್ಯದ ಮೇಲೇ ಮಾಡಿ, ಉಲ್ಲೇಖಿಸುವ ಭಾಗಗಳನ್ನು ಮಾತ್ರ ಅನುವಾದಿಸಿ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಶ್ರೀನಿವಾಸರು ಹದಿನೆಂಟು ವರ್ಷಗಳಿಂದ ಒಪ್ಪಮಾಡಿಕೊಂಡು ಬಂದಿದ್ದ ಕ್ಷೇತ್ರ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಕೋಣೆಯಲ್ಲಿದ್ದವು. ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಕೋಣೆ ಸಿಕ್ಕಿತು. ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದು 1976ರಲ್ಲಿ ಪುಸ್ತಕ ಪ್ರಕಟಿಸಿದರು. ನಿಮ್ಮ ಕಡತಗಳ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಪಾಸ್‌ವರ್ಡ್ ಇರುವ ಹಾರ್ಡ್ ಡಿಸ್ಕಿನಲ್ಲಿ ಬೇರೆ ಕಟ್ಟಡದಲ್ಲಿ ಇರಲಿ. ಹೆಸರು-ಸಂಕೇತಗಳ ಪಟ್ಟಿಯನ್ನು ಧ್ವನಿ ಕಡತಗಳ ಜೊತೆ ಇಡಬೇಡಿ. ಧ್ವನಿಗಳನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳಬೇಡಿ.

ಹಂತ 9: ನಿಲ್ಲಿ, ಓದಿ, ಮತ್ತೆ ಆರಿಸಿ

ನಾಲ್ಕು ಸಂದರ್ಶನ ಆದ ಮೇಲೆ ಒಂದು ವಾರ ನಿಲ್ಲಿ. ಬರೆದದ್ದನ್ನು ಓದಿ, ಮತ್ತೆ ಮತ್ತೆ ಬರುವ ಸಂಗತಿಗಳಿಗೆ ಹೆಸರಿಡಿ. ದುಡ್ಡು ಮತ್ತು ಅಪ್ಪಣೆ ಬೇರೆ ಬೇರೆ ಎಂಬ ಎಳೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದನ್ನು ಪರೀಕ್ಷಿಸಲು ಈಗ ಯಾರು ಬೇಕು? ಅಪ್ಪಣೆ ಕೊಡುವವರೇ ಇಲ್ಲದ ವಿಧವೆ. ತಾನೇ ಮನೆಯ ಯಜಮಾನಿಯಾದ ಅತ್ತೆ. ದುಡಿಯುತ್ತಿದ್ದರೂ ಅಪ್ಪಣೆ ಕೇಳುವ ಗಾರ್ಮೆಂಟ್ಸ್ ಹುಡುಗಿ. ಮೊದಲ ಕೋಷ್ಟಕದಲ್ಲಿ ಇವರಲ್ಲಿ ಕೆಲವರು ಇರಲಿಲ್ಲ. ಈಗ ಸೇರಿಸಿ, ಯಾಕೆ ಸೇರಿಸಿದಿರಿ ಎಂದು ತಾರೀಖು ಹಾಕಿ ಬರೆದಿಡಿ. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1967ರಲ್ಲಿ ವಿವರಿಸಿದ ಸೈದ್ಧಾಂತಿಕ ಮಾದರಿ ಎಂದರೆ ಇದೇ. ನಿಮ್ಮ ಊಹೆಯನ್ನು ಬಲಪಡಿಸುವವರನ್ನಷ್ಟೇ ಹುಡುಕಬೇಡಿ. ಅದನ್ನು ಮುರಿಯಬಲ್ಲವರ ಮನೆಗೆ ಮೊದಲು ಹೋಗಿ.

ಎಲ್ಲಿಗೆ ನಿಲ್ಲಿಸಬೇಕು? ಹೊಸ ಸಂದರ್ಶನದಿಂದ ಹೊಸದೇನೂ ಬಾರದ ಸ್ಥಿತಿಗೆ ಪರ್ಯಾಪ್ತತೆ ಅಥವಾ ಸ್ಯಾಚುರೇಷನ್ ಎಂದು ಹೆಸರು. ಗೆಸ್ಟ್, ಬನ್ಸ್, ಜಾನ್ಸನ್ ಎಂಬ ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ದೇಶಗಳ ಮಹಿಳೆಯರೊಂದಿಗಿನ 60 ಸಂದರ್ಶನಗಳನ್ನು ಪರಿಶೀಲಿಸಿ, ಹೊಸ ವಿಷಯಗಳಲ್ಲಿ ಬಹುಪಾಲು ಮೊದಲ 12ರಲ್ಲೇ ಬಂದಿದ್ದವು ಎಂದು 2006ರಲ್ಲಿ ತೋರಿಸಿದರು. ಅಂದಿನಿಂದ '12 ಸಾಕು' ಎಂಬುದು ಮಂತ್ರವಾಗಿಬಿಟ್ಟಿದೆ. ಆ ಅಧ್ಯಯನದ ಮಹಿಳೆಯರು ಸಾಕಷ್ಟು ಒಂದೇ ಬಗೆಯವರು, ಪ್ರಶ್ನೆಗಳೂ ಎಲ್ಲರಿಗೂ ಒಂದೇ ಆಗಿದ್ದವು ಎಂಬುದನ್ನು ಮರೆತು ಆ ಸಂಖ್ಯೆ ಬಳಸಬಾರದು. 2017ರಲ್ಲಿ ಹೆನಿಂಕ್ ಮತ್ತು ಸಂಗಡಿಗರು ಇನ್ನೊಂದು ಸೂಕ್ಷ್ಮ ಕಂಡರು: ವಿಷಯಗಳ ಪಟ್ಟಿ 9 ಸಂದರ್ಶನಕ್ಕೇ ತುಂಬಬಹುದು, ಆ ವಿಷಯಗಳ ಅರ್ಥ ಪೂರ್ತಿ ತಿಳಿಯಲು 16ರಿಂದ 24 ಬೇಕಾಗಬಹುದು. ಊರಲ್ಲಿ ಅಪ್ಪಣೆ ಕೇಳುತ್ತಾರೆ ಎಂದು ತಿಳಿಯುವುದು ಬೇಗ. ಯಾವ ಪ್ರಯಾಣಕ್ಕೆ ಕೇಳುತ್ತಾರೆ, ಯಾವುದನ್ನು ಹೇಳದೆ ಮುಗಿಸುತ್ತಾರೆ ಎಂದು ತಿಳಿಯುವುದು ನಿಧಾನ.

ಕೈಯಲ್ಲಿ ಮಾಡಬಹುದಾದ ಒಂದು ಕ್ರಮ: ದೊಡ್ಡ ಹಾಳೆಯಲ್ಲಿ ಸಂದರ್ಶನಗಳನ್ನು ಅಡ್ಡಕ್ಕೆ, ಸಂಗತಿಗಳನ್ನು ಉದ್ದಕ್ಕೆ ಬರೆಯಿರಿ. ಪ್ರತಿ ಸಂದರ್ಶನದಲ್ಲಿ ಹೊಸದಾಗಿ ಬಂದದ್ದಕ್ಕೆ ಕೆಂಪು ಗುರುತು ಹಾಕಿ. ಸತತ ಮೂರು ಸಂದರ್ಶನಗಳಲ್ಲಿ ಕೆಂಪು ಗುರುತು ಬಾರದಿದ್ದರೆ ನಿಲ್ಲಿಸುವ ಯೋಚನೆ ಮಾಡಬಹುದು. ಅದಕ್ಕೂ ಮುನ್ನ ಆ ಮೂವರು ಒಂದೇ ಬೀದಿಯವರಲ್ಲ ತಾನೇ ಎಂದು ನೋಡಿ. ಹಾಗಿದ್ದರೆ ದಣಿದಿರುವುದು ಸರಪಳಿ, ವಿಷಯವಲ್ಲ.

ಹಂತ 10: ವಿಧಾನದ ಅಧ್ಯಾಯ

'ಉದ್ದೇಶಪೂರ್ವಕ ಮಾದರಿ ವಿಧಾನ ಬಳಸಲಾಯಿತು' ಎಂಬ ಒಂದು ಸಾಲಿನಿಂದ ಓದುಗರಿಗೆ ಏನೂ ತಿಳಿಯದು. ಮೊದಲ ಕೋಷ್ಟಕ, ಅದು ಯಾವಾಗ ಯಾಕೆ ಬದಲಾಯಿತು, ಯಾರ ಮೂಲಕ ಊರೊಳಗೆ ಹೋದಿರಿ, ಎಷ್ಟು ಜನ ಮಾತಾಡಲು ಒಪ್ಪಲಿಲ್ಲ, ಸಂದರ್ಶನ ಎಲ್ಲಿ ನಡೆಯಿತು, ಪಕ್ಕದಲ್ಲಿ ಯಾರಿದ್ದರು, ನಿಮ್ಮ ಜಾತಿ, ಲಿಂಗ, ಊರು ಅವರಿಗೆ ಗೊತ್ತಿತ್ತೇ, ಎಲ್ಲಿ ನಿಲ್ಲಿಸಿದಿರಿ, ಯಾಕೆ, ಇವೆಲ್ಲ ಬರಲಿ. 'ಹೆಚ್ಚಿನ ಮಹಿಳೆಯರು', 'ಶೇ. 60ರಷ್ಟು' ಎಂಬ ಮಾತು ಬೇಡ. ಇಪ್ಪತ್ತೆರಡು ಜನರ ಮೇಲೆ ಶೇಕಡಾ ಲೆಕ್ಕ ಹಾಕಿದರೆ ಮಾದರಿ ಹೊರಲಾರದ ಭಾರವನ್ನು ಅದರ ಮೇಲೆ ಹೊರಿಸಿದಂತೆ. ನಿಮ್ಮ ನಿರ್ಣಯ ಯಾವ ಬಗೆಯ ಊರುಗಳಿಗೆ ಹೊಂದೀತು, ಯಾವುದಕ್ಕೆ ಹೊಂದದು ಎಂದು ಹೇಳಿ: ದಿನಕ್ಕೆ ಎರಡೇ ಬಸ್ಸು ಬರುವ ಒಳನಾಡಿಗೆ ಇದು ಅನ್ವಯಿಸಬಹುದು, ಖಾಸಗಿ ಬಸ್ಸುಗಳ ಕರಾವಳಿಗೆ ಬೇರೆಯೇ ಅಧ್ಯಯನ ಬೇಕು. ಬಾಗಿಲು ತೆರೆಯದ ಮನೆಗಳು, ತಲುಪಲಾಗದ ತಾಂಡಾಗಳ ವಿವರವನ್ನೂ ಇದೇ ಅಧ್ಯಾಯದಲ್ಲಿ ಬರೆಯಿರಿ. ಮುಂದೆ ಆ ಸೀಮೆಗೆ ಹೋಗುವ ಸಂಶೋಧಕರು ಕೆಲಸ ಶುರು ಮಾಡಬೇಕಾದದ್ದು ಅಲ್ಲಿಂದ.